ಎಳೆ ಮರಗಳ ಗುಂಪು ಸಡಿಲಿಸುವ ಮುಂಚೆ ತಲೆ ಎತ್ತಿ ನೋಡಿ

ಸ್ವಂತ ಕಾಡಿನಲ್ಲಿ ಗಟ್ಟಿಮರದ ಸಸಿಗಳು ಒತ್ತೊತ್ತಾಗಿ ಎದ್ದಿವೆಯೇ? ಕತ್ತಿ ಹಿಡಿಯುವ ಮುಂಚೆ ಬಣ್ಣದ ಪಟ್ಟಿ ಹಿಡಿದು ಒಂದು ಸುತ್ತು ಹಾಕಿ. ಉಳಿಸಬೇಕಾದ ಮರಗಳನ್ನು ಮೊದಲು ಆರಿಸಿ ಕಟ್ಟಿ. ನೇರ ಕಾಂಡ, ತುಂಬಿದ ನೆತ್ತಿ (ಮೇಲಿನ ಕೊಂಬೆ-ಎಲೆಗಳ ಹರವು), ಗಾಯವಿಲ್ಲದ ತೊಗಟೆ ಇರಬೇಕು. ಇಂಗ್ಲಿಷ್ ವಿ ಅಕ್ಷರದಂತೆ ಕವಲೊಡೆದದ್ದು ಬೇಡ, ದೊಡ್ಡದಾದ ಮೇಲೆ ಗಾಳಿಗೆ ಸೀಳುತ್ತದೆ.

ಮರಗಳು ಸುಮಾರು 7-8 ಮೀಟರ್ ಎತ್ತರ ಆಗುವವರೆಗೆ ಕಾಯುವುದು ಒಳ್ಳೆಯದು. ಒತ್ತಾಗಿ ಬೆಳೆದಾಗ ಕೆಳಗಿನ ಕೊಂಬೆಗಳು ತಾವಾಗಿಯೇ ಒಣಗಿ ಉದುರುತ್ತವೆ, ಕಾಂಡ ನುಣುಪಾಗುತ್ತದೆ.

ಆಮೇಲೆ ಪಟ್ಟಿ ಕಟ್ಟಿದ ಮರದ ಬುಡದಲ್ಲಿ ನಿಂತು ಮೇಲೆ ನೋಡಿ. ಅದರ ನೆತ್ತಿಗೆ ತಾಗುವ ಮರಗಳನ್ನು ಮಾತ್ರ ತೆಗೆಯಿರಿ. ನೆರಳಲ್ಲಿ ಕುಳ್ಳಗೆ ನಿಂತವು ಯಾರಿಗೂ ಪೈಪೋಟಿ ಕೊಡುವುದಿಲ್ಲ, ಕಾಂಡಕ್ಕೆ ನೆರಳಾಗುತ್ತವೆ. ಅವನ್ನು ಸುಮ್ನೆ ಕಡಿಯಬೇಡಿ. ಇಲ್ಲೇ ಜಾಸ್ತಿ ಜನ ಎಡವುವುದು, ಕೆಳಗೆಲ್ಲ ಸ್ವಚ್ಛ ಮಾಡಿದರೆ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಒಮ್ಮೆಲೇ ಜಾಸ್ತಿ ಬಿಸಿಲು ಬಿದ್ದರೆ ಕಾಂಡದ ಮೇಲೆಲ್ಲ ಚಿಗುರೊಡೆದು ಮುಂದೆ ದಿಮ್ಮಿಯಲ್ಲಿ ಗಂಟುಗಳಾಗುತ್ತವೆ. ತೆಳ್ಳಗೆ ಉದ್ದ ಬೆಳೆದ ಮರ ಬಾಗಿಯೂ ಹೋಗಬಹುದು.

ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಈ ಕೆಲಸ ದಯವಿಟ್ಟು ಬೇಡ. ಕಡಿದದ್ದನ್ನು ಅಲ್ಲೇ ಕೊಳೆಯಲು ಬಿಡಿ, ಮಣ್ಣಿಗೆ ಸೇರಲಿ.