ಕಡಿಮೆ ಬೆಲೆಯ ಜೋಡುನಳಿಗೆ ರೈಫಲ್ಲಿಗೆ ಗುರಿ ಕೂಡಿಸುವುದು

ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಯಲ್ಲಿ ಅಪ್ಪನದೊಂದು ಹನ್ನೆರಡು ಬೋರಿನ ಜೋಡುನಳಿಗೆ ಕೋವಿ ಇತ್ತು. ಹೊಡೆದರೆ ಚರೆ ಹರಡಿಕೊಂಡು ಹೋಗುತ್ತದೆ, ಹಾಗಾಗಿ ಎಡ ನಳಿಗೆಗೂ ಬಲ ನಳಿಗೆಗೂ ಎರಡು ಮೂರು ಇಂಚು ವ್ಯತ್ಯಾಸವಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ರೈಫಲ್ಲಿನಲ್ಲಿ ಆ ಅನುಕೂಲವಿಲ್ಲ. ಒಂದೊಂದು ನಳಿಗೆಯಿಂದ ಒಂದೊಂದೇ ಗುಂಡು, ಎರಡೂ ಒಂದೇ ಕಡೆ ಬೀಳಬೇಕು. ಇದನ್ನು ನಾನು ಸರಿಯಾಗಿ ಕಲಿತದ್ದು ಅರಿಜೋನಾಕ್ಕೆ ಬಂದು, ಬೈಕಲ್ ಎಂಪಿ-221 ಎಂಬ ಜೋಡುನಳಿಗೆ ರೈಫಲ್ಲನ್ನು ಸೆಕೆಂಡ್ ಹ್ಯಾಂಡ್ ಕೊಂಡ ಮೇಲೆ.

ರಷ್ಯಾದ ಇಝೆವ್ಸ್ಕ್‌ನಲ್ಲಿ ತಯಾರಾದ ಕೋವಿ ಇದು. ನನ್ನದು 45-70 ತೋಟೆಯದು. ಇಂಗ್ಲೆಂಡಿನ ಹೆಸರಾಂತ ಜೋಡುನಳಿಗೆ ರೈಫಲ್ಲುಗಳಿಗೆ ಹತ್ತಾರು ಸಾವಿರ ಡಾಲರ್ ಕೊಡಬೇಕು. ಅಲ್ಲಿ ನುರಿತ ಕೆಲಸಗಾರ ಹೊಡೆದು ನೋಡಿ, ನಳಿಗೆಗಳ ನಡುವಿನ ಬೆಸುಗೆ ಕರಗಿಸಿ, ಬೆಣೆ ಸರಿಸಿ, ಮತ್ತೆ ಹೊಡೆದು ನೋಡುತ್ತಾನೆ. ಆ ಕೂಲಿಯೇ ಬೆಲೆಯ ದೊಡ್ಡ ಪಾಲು. ಬೈಕಲ್‌ನವರು ನಳಿಗೆಗಳ ತುದಿಯಲ್ಲಿ ಹೊಂದಿಸುವ ತಿರುಪು ಕೊಟ್ಟು ಆ ಕೆಲಸವನ್ನು ಕೊಂಡವರಿಗೇ ಬಿಟ್ಟಿದ್ದಾರೆ. ತಾಳ್ಮೆಯಿದ್ದವರಿಗೆ ಇದು ನಿಜವಾಗಿಯೂ ಒಳ್ಳೆಯ ಕೋವಿ.

ಕೋವಿ ಕೈಗೆ ಬಂದ ದಿನವೇ ತಿರುಪಿಗೆ ಕೈ ಹಾಕಬೇಡಿ. ಮೊದಲು ಒಂದು ವಿಷಯ ಮನಸ್ಸಿಗೆ ಇಳಿಯಬೇಕು. ಬಲ ನಳಿಗೆ ಸಿಡಿದಾಗ ಕೋವಿ ಮೇಲಕ್ಕೂ ಬಲಕ್ಕೂ ಜಗ್ಗುತ್ತದೆ, ಎಡದ್ದು ಸಿಡಿದಾಗ ಎಡಕ್ಕೆ. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ಜಗ್ಗು ಶುರುವಾಗುತ್ತದೆ. ಅದಕ್ಕೇ ಎರಡು ನಳಿಗೆಗಳನ್ನೂ ಬಾಯಿಯ ಕಡೆ ಒಂದಕ್ಕೊಂದು ತುಸು ವಾಲಿಸಿ ಕೂಡಿಸಿರುತ್ತಾರೆ. ನಿಧಾನದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಜಗ್ಗು ಹೆಚ್ಚು ತಟ್ಟುತ್ತದೆ, ಎರಡು ನಳಿಗೆಯ ಗುಂಡುಗಳೂ ದೂರ ದೂರ ಬೀಳುತ್ತವೆ. ವೇಗ ಹೆಚ್ಚಿದಂತೆ ಅವು ಹತ್ತಿರ ಬರುತ್ತವೆ. ಅತಿಯಾದರೆ ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ದಾಟಿ ಹೋಗುತ್ತವೆ. ಅಂದರೆ ತೋಟೆ ಬದಲಾದರೆ ಕೋವಿಯೇ ಬದಲಾದ ಹಾಗೆ. ತೋಟೆ ಮೊದಲು, ತಿರುಪು ಆಮೇಲೆ.

45-70ಕ್ಕೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎರಡು ಬಗೆ: 405 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, ಸೆಕೆಂಡಿಗೆ 1,330 ಅಡಿ ವೇಗ, 300 ಗ್ರೇನ್ ಗುಂಡು, 1,850 ಅಡಿಯ ಆಸುಪಾಸು. ಎರಡೂ ಒಂದೊಂದು ಪೆಟ್ಟಿಗೆ ತನ್ನಿ. ಈ ತೋಟೆ ಅಮೆರಿಕದ ಸೈನ್ಯಕ್ಕೆ ಬಂದದ್ದು 1873ರಲ್ಲಿ, ಆ ಹಳೆಯ ಬಂದೂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒತ್ತಡದ ಮಿತಿಯನ್ನು ಇಂದಿಗೂ 28,000 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್) ಇಟ್ಟಿದ್ದಾರೆ. ಅದನ್ನು ಮೀರಿದ, ಗಟ್ಟಿ ಲಿವರ್ ರೈಫಲ್ಲುಗಳಿಗೆಂದೇ ಮಾಡಿದ ತೋಟೆಗಳೂ ಅದೇ ಕಪಾಟಿನಲ್ಲಿರುತ್ತವೆ. ಶಾಟ್‌ಗನ್ ಮಾದರಿಯ ಮಡಚುವ ಕೋವಿಗೆ ಅವು ಬೇಡ.

ನಾನು ಹೋಗುವುದು ಫೀನಿಕ್ಸ್‌ನ ಉತ್ತರಕ್ಕಿರುವ ಬೆನ್ ಏವರಿ ಶೂಟಿಂಗ್ ರೇಂಜಿಗೆ. ಮೊದಲ ಕೆಲಸ ಎರಡೂ ನಳಿಗೆ ಒಟ್ಟಿಗೆ ಸಿಡಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಅಗ್ಗದ ಕೋವಿಯಲ್ಲಿ ಇದನ್ನು ಬಿಡಲೇಬಾರದು. ಬಲ ನಳಿಗೆಗೆ ನಿಜವಾದ ತೋಟೆ, ಎಡಕ್ಕೆ ಡಮ್ಮಿ, ಅಂದರೆ ಮದ್ದಿಲ್ಲದ ತೋಟೆ. ಮುಂದಿನ ಕುದುರೆ (ಟ್ರಿಗರ್) ಎಳೆದು ಬಲದ್ದನ್ನು ಹೊಡೆಯಿರಿ. ಕೋವಿಯನ್ನು ಗುರಿಯ ಕಡೆಗೇ ಇಟ್ಟುಕೊಂಡು, ಮಡಚದೆ, ಹಿಂದಿನ ಕುದುರೆ ಎಳೆಯಿರಿ. ಟಕ್ ಎಂದು ಸದ್ದು ಬಂದರೆ ಸರಿ. ಸದ್ದಿಲ್ಲದೆ ಕುದುರೆ ಸಡಿಲವಾಗಿ ಬಂದರೆ ಮೊದಲ ಹೊಡೆತದ ಜಗ್ಗಿಗೇ ಎಡದ ಸುತ್ತಿಗೆಯೂ ಬಿದ್ದಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ ಗನ್‌ಸ್ಮಿತ್ ಹತ್ತಿರ ಹೋಗಿ. ಹೀಗೇ ಎಡಕ್ಕೆ ತೋಟೆ, ಬಲಕ್ಕೆ ಡಮ್ಮಿ ಹಾಕಿ ನೋಡಿ. ಒಂದೊಂದನ್ನೂ ಮೂರು ಮೂರು ಸಲ.

ಬೆಂಚಿನ ಮೇಲೆ ಕೂರುವ ರೀತಿಯೂ ಮುಖ್ಯ. ನಳಿಗೆಯನ್ನು ಮರಳಿನ ಚೀಲದ ಮೇಲೆ ನೇರವಾಗಿ ಇಡಬಾರದು. ಚೀಲದ ಮೇಲೆ ನಿಮ್ಮ ಎಡಗೈ, ಕೈಯೊಳಗೆ ಕೋವಿಯ ಮುಂಗಟ್ಟು (ನಳಿಗೆಯ ಕೆಳಗೆ ಕೈ ಹಿಡಿಯುವ ಮರ). ಭುಜ ಉಳಿಸಿಕೊಳ್ಳಲು ಕೋವಿಯನ್ನು ಬಿಗಿದು ಕಟ್ಟುವ ಕಬ್ಬಿಣದ ಸ್ಟ್ಯಾಂಡ್ ಕೂಡ ಬೇಡ: ಕಾಡಿನಲ್ಲಿ ಕೋವಿ ಹೇಗೆ ಜಗ್ಗುತ್ತದೋ ಇಲ್ಲಿಯೂ ಹಾಗೇ ಜಗ್ಗಬೇಕು, ಇಲ್ಲದಿದ್ದರೆ ಕಾಗದದ ಮೇಲೆ ಕಂಡದ್ದು ಸುಳ್ಳಾಗುತ್ತದೆ.

25 ಗಜದಲ್ಲಿ ಎರಡು ಗುಂಡು ಹೊಡೆದು ಕಾಗದಕ್ಕೆ ತಾಗುತ್ತಿದೆ ಎಂದು ಕಂಡ ಮೇಲೆ 50 ಗಜಕ್ಕೆ ಹೋಗಿ. ಬಲ, ಎಡ, ಅಷ್ಟೇ. ಮಡಚಿ ತೆರೆದಿಟ್ಟು ಆರಲು ಬಿಡಿ. ಒಂದು ನಳಿಗೆ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಜೋಡಿ ಸೊಟ್ಟಗಾಗುತ್ತದೆ. ಮೊದಲ ದಿನ ನಾನು ಹತ್ತು ತೋಟೆ ಒಂದೇ ಸಮ ಹೊಡೆದು, ಬಿಸಿ ನಳಿಗೆಯ ಗುರುತು ನೋಡಿ ತಿರುಪು ತಿರುಗಿಸಿದೆ. ಮಾರನೆಯ ವಾರ ಎಲ್ಲವೂ ಬೇರೆ ಕಡೆ. ಈಗ ಮುಂಗೈ ಹಿಂಭಾಗವನ್ನು ನಳಿಗೆಗೆ ತಾಗಿಸಿ, ಬೆಚ್ಚಗೂ ಇಲ್ಲ ಅನ್ನಿಸಿದ ಮೇಲೇ ಮುಂದಿನ ಜೋಡಿ. ಫೀನಿಕ್ಸ್‌ನ ಬೇಸಿಗೆಯಲ್ಲಿ ಅದು ಆಗದ ಮಾತು, ಈ ಕೆಲಸಕ್ಕೆ ನವೆಂಬರಿನ ಬೆಳಗ್ಗೆಯೇ ಒಳ್ಳೆಯದು. ಎಲ್ಲರೂ ಕೋವಿ ತೆರೆದಿಟ್ಟು ಹಿಂದೆ ಸರಿಯುವ ವಿರಾಮದಲ್ಲಿ ಗುರಿಯ ಹತ್ತಿರ ನಡೆದು, ಬಲದ ತೂತಿಗೆ ನೀಲಿ, ಎಡದ್ದಕ್ಕೆ ಕೆಂಪು ಸುತ್ತು ಹಾಕಿ ಬರುತ್ತೇನೆ.

ಒಂದೊಂದು ನಳಿಗೆಗೆ ಮೂರು ಗುಂಡಾದ ಮೇಲೆ ನೀಲಿ ಮೂರರ ನಡುಬಿಂದು, ಕೆಂಪು ಮೂರರ ನಡುಬಿಂದು ಗುರುತಿಸಿ ಅವುಗಳ ಅಂತರ ಅಳೆಯಿರಿ. ಆರೂ ತೂತುಗಳನ್ನು ಒಟ್ಟಿಗೆ ಅಳೆದರೆ ಏನೂ ತಿಳಿಯುವುದಿಲ್ಲ. ನನ್ನ ಕೋವಿಯಲ್ಲಿ 405 ಗ್ರೇನಿಗೆ ಅಂತರ ಆರು ಇಂಚು, ನೀಲಿ ಬಲಕ್ಕೆ, ಕೆಂಪು ಎಡಕ್ಕೆ. 300 ಗ್ರೇನಿಗೆ ಮೂರೇ ಇಂಚು. ನಾನು ಹೋಗುವುದು ಜೂನಿಪರ್ ಪೊದೆಗಳ ನಡುವೆ ಮ್ಯೂಲ್ ಜಿಂಕೆಗೆ, ಅದಕ್ಕೆ 300 ಸಾಕು, ಅದನ್ನೇ ಹಿಡಿದೆ. ಅಂತರ ನಳಿಗೆಗಳ ಬಾಯಿಗಳ ನಡುವಿನಷ್ಟಕ್ಕೆ ಇಳಿದು, ಬಲದ್ದು ಬಲದಲ್ಲೇ ಉಳಿದರೆ ಅದೇ ಸರಿಯಾದ ಸ್ಥಿತಿ.

ಈಗ ತಿರುಪು. ಮುಟ್ಟುವ ಮೊದಲು ಉಗುರಿನ ಬಣ್ಣದಿಂದ ತಿರುಪಿನ ಮೇಲೂ ಪಕ್ಕದ ಕಬ್ಬಿಣದ ಮೇಲೂ ಸೇರಿ ಒಂದು ಗೆರೆ ಎಳೆಯಿರಿ, ತಪ್ಪಿದರೆ ಹಿಂದಕ್ಕೆ ಬರಲು ದಾರಿ ಬೇಕು. ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಮೂರು ಜೋಡಿ ಹೊಡೆಯಿರಿ, ಅಳೆಯಿರಿ, ಬರೆದಿಡಿ. ನನಗೆ ಕಾಲು ಸುತ್ತಿನಂತೆ ಎರಡು ಸಲ ತಿರುಗಿಸಬೇಕಾಯಿತು, ಮೂರು ಇಂಚು ಒಂದೂಕಾಲಕ್ಕೆ ಬಂತು. ಅದಕ್ಕಿಂತ ಹೆಚ್ಚು ಬೆನ್ನಟ್ಟಲಿಲ್ಲ, ಏಕೆಂದರೆ ಒಂದೊಂದು ನಳಿಗೆಯ ಮೂರು ಗುಂಡುಗಳೇ ಎರಡು ಇಂಚು ಹರಡುತ್ತಿದ್ದವು.

ಸೈಟು, ಅಂದರೆ ಗುರಿ ನೋಡುವ ಮೊನೆ, ಕೊನೆಗೆ. ಜೋಡಿ ಕೂಡಿದ ಮೇಲೆ ಎರಡು ನಡುಬಿಂದುಗಳ ಮಧ್ಯವನ್ನು ಗುರಿಗೆ ತರಬೇಕು. ಹಿಂದಿನ ಮಾಲೀಕರು ಎತ್ತರದ ಮುಂದಿನ ಸೈಟು ಹಾಕಿಸಿದ್ದರು, ಹಾಗಾಗಿ ಗುಂಡು ನಾಲ್ಕು ಇಂಚು ಕೆಳಗೆ ಬೀಳುತ್ತಿತ್ತು. ಲೆಕ್ಕ ಹೀಗೆ: ತಪ್ಪಿದ ಇಂಚನ್ನು ಎರಡು ಸೈಟುಗಳ ನಡುವಿನ ದೂರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಸೈಟುಗಳ ನಡುವೆ 18 ಇಂಚು, 50 ಗಜವೆಂದರೆ 1,800 ಇಂಚು. ನಾಲ್ಕನ್ನು 18ರಿಂದ ಗುಣಿಸಿ 1,800ರಿಂದ ಭಾಗಿಸಿದರೆ 0.04 ಇಂಚು, ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಮುಂದಿನ ಸೈಟನ್ನು ಅಷ್ಟು ಅರದಿಂದ ಉಜ್ಜಿದರೆ ಗುಂಡು ಏರುತ್ತದೆ. ಉಜ್ಜಿದ ಕಬ್ಬಿಣ ಮರಳಿ ಬರುವುದಿಲ್ಲ, ಮುಕ್ಕಾಲು ಉಜ್ಜಿ ಹೊಡೆದು ನೋಡಿ. ಪಕ್ಕಕ್ಕೆ ಸರಿಯಬೇಕಾದರೆ ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಿ.

ಆಮೇಲೆ 100 ಗಜದಲ್ಲೂ ಒಂದು ಜೋಡಿ ಹೊಡೆಯಿರಿ. 405 ಗ್ರೇನಿನ ನಿಧಾನದ ಗುಂಡು 50ಕ್ಕೆ ಹೊಂದಿಸಿದ್ದರೆ ಅಲ್ಲಿ ಐದಾರು ಇಂಚು ಕೆಳಗೆ ಬೀಳುತ್ತದೆ, 300ರದ್ದು ಅಷ್ಟು ಇಳಿಯುವುದಿಲ್ಲ. ಕಡೆಗೆ ಬೆಂಚಿನಿಂದ ಎದ್ದು, ನಿಂತು, ತಣ್ಣನೆಯ ನಳಿಗೆಯಿಂದ ಬಲ-ಎಡ ಒಂದು ಜೋಡಿ. ಆ ಕಾಗದಕ್ಕೆ ತಾರೀಖು, ತೋಟೆಯ ಹೆಸರು, ಪೆಟ್ಟಿಗೆಯ ಲಾಟ್ ನಂಬರ್ ಬರೆದು ಕೋವಿಯ ಚೀಲದಲ್ಲೇ ಇಟ್ಟಿದ್ದೇನೆ. ಹೊಸ ಲಾಟ್ ತಂದಾಗಲೆಲ್ಲ ಆರು ಗುಂಡು ಹೊಡೆದು ಅದರ ಪಕ್ಕ ಇಟ್ಟು ನೋಡುತ್ತೇನೆ.