ಕಾರವಾರದಿಂದ ಮಡಗಾಂವ್, ಕೊಲ್ಹಾಪುರಕ್ಕೆ ಲೈಸೆನ್ಸ್ ರಿವಾಲ್ವರ್: ನನ್ನ ಅನುಭವ

ನನ್ನ ಲೈಸೆನ್ಸಿನಲ್ಲಿ ಆಯುಧ ಎಲ್ಲೆಲ್ಲಿ ಒಯ್ಯಬಹುದು ಅನ್ನುವ ವ್ಯಾಪ್ತಿಯ ಕಾಲಂನಲ್ಲಿ ಈಗ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಇವೆ. ಎರಡು ವರ್ಷದ ಮೇಲಾಯಿತು, ಮಾಲಿನ ಜೊತೆ ರಿವಾಲ್ವರ್ ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ಒಂದು ಕೇಸಿಲ್ಲ, ಒಂದು ತಕರಾರಿಲ್ಲ. ಇದು ಆಗೋದೇ ಇಲ್ಲ ಅಂದವರು ನಮ್ಮ ಬಂಗಾರದ ಲೈನಿನವರೇ. "ಶೇಟ್ರೇ, ಗೋವಾ ಸೇರಿಸಿ ಕೊಡೋದೇ ಇಲ್ಲ, ಸುಮ್ನೆ ಚಪ್ಪಲಿ ಸವೆಸ್ತೀರಿ" ಅಂದರು ಒಬ್ಬರು. ದೊಡ್ಡವರ ಶಿಫಾರಸು ಇಲ್ಲದೆ ಫೈಲ್ ಮೇಲೇಳುವುದಿಲ್ಲ ಅಂದರು ಇನ್ನೊಬ್ಬರು. ನಾನು ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಕೆಲಸ ಆಯಿತು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಕಾರವಾರದಲ್ಲಿ ಬಂಗಾರದ ಅಂಗಡಿ. ಕೆಲವು ಕೆಲಸ ಮಡಗಾಂವಿನಲ್ಲಿ ಮಾಡಿಸುತ್ತೇನೆ, ಬೆಳ್ಳಿ ಕೊಲ್ಹಾಪುರದ ಹತ್ತಿರದ ಹುಪರಿಯಿಂದ ಬರುತ್ತದೆ. ತಿಂಗಳಿಗೆ ಎರಡು ಮೂರು ಸಲವಾದರೂ ಗಡಿ ದಾಟಲೇಬೇಕು. 2025ರಲ್ಲಿ 10 ಗ್ರಾಂ ಬಂಗಾರ ಲಕ್ಷ ದಾಟಿತು. ಮೊದಲು ಹತ್ತು ಲಕ್ಷದ ಮಾಲು ಅಂದರೆ ಒಂದು ಚೀಲ. ಈಗ ಅದು ಜೇಬಿನಲ್ಲಿ ಹಿಡಿಸುತ್ತದೆ. ಜ್ಯುವೆಲರ್ಸ್ ಬ್ಲಾಕ್ ಪಾಲಿಸಿ ಇದೆ, ದಾರಿಯಲ್ಲಿನ ಮಾಲಿಗೂ ಕವರ್ ಇದೆ. ಆದರೆ ವಿಮೆ ಬರುವುದು ಮಾಲಿಗೆ. ನಮ್ಮ ಜೀವಕ್ಕೆ, ಜೊತೆಯಲ್ಲಿ ಬರುವ ಹುಡುಗನ ಜೀವಕ್ಕೆ ನಾವೇ ಜವಾಬ್ದಾರರು ಅಲ್ವಾ?

ಲೈಸೆನ್ಸ್ ಇದ್ದರೆ ಸಾಕು, ಎಲ್ಲಿ ಬೇಕಾದರೂ ಒಯ್ಯಬಹುದು ಅಂತ ತಿಳಿದವರು ಈಗಲೂ ಇದ್ದಾರೆ. ವ್ಯಾಪ್ತಿ ಬರೀ ಕರ್ನಾಟಕ ಅಂತಿದ್ದರೆ ನಮ್ಮ ಗಡಿಯ ಮಾಜಾಳಿ ದಾಟಿ ಗೋವಾದ ಪೋಳೆಂ ಮುಟ್ಟಿದ ಕೂಡಲೇ ಷರತ್ತು ಮುರಿದ ಹಾಗೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಂ ಪ್ರಕಾರ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡು ಸಾವಿರದ ತನಕ ದಂಡ, ಇಲ್ಲವೇ ಎರಡೂ. ದಂಡ ಕಟ್ಟಬಹುದು. ಆದರೆ 17ನೇ ಕಲಂನಲ್ಲಿ ಲೈಸೆನ್ಸೇ ರದ್ದಾದರೆ ಮತ್ತೆ ಸಿಗುವುದು ಕನಸು. ಸೀಟಿನ ಕೆಳಗೆ ಬಚ್ಚಿಟ್ಟು ಗಡಿ ದಾಟುವ ಸಲಹೆ ಕೊಟ್ಟವರಿದ್ದಾರೆ. ಅಂಥವರ ಮಾತು ಕೇಳಬೇಡಿ.

ವ್ಯಾಪ್ತಿ ಹೆಚ್ಚಿಸುವ ಅರ್ಜಿಯ ಕಥೆ ದೊಡ್ಡದು. ಮೊದಲನೇ ಸಲ "ವ್ಯಾಪಾರದ ನಿಮಿತ್ತ ಪ್ರಯಾಣ" ಅಂತ ಬರೆದು ಜಿಎಸ್‌ಟಿ ಪ್ರಮಾಣಪತ್ರ, ಹಾಲ್‌ಮಾರ್ಕ್ ನೋಂದಣಿ, ಹಳೇ ಲೈಸೆನ್ಸಿನ ಪ್ರತಿ ಲಗತ್ತಿಸಿದೆ. ಕಾರಣ ಸ್ಪಷ್ಟ ಇಲ್ಲ ಅಂತ ವಾಪಸ್ ಬಂತು. ಎರಡನೇ ಸಲ ವಕೀಲರ ಕೈಯಲ್ಲಿ ಬರೆಸಿದೆ. ಎಂಟು ಸಾವಿರ ತೆಗೆದುಕೊಂಡರು. ನಾಲ್ಕು ಪುಟದ ಅರ್ಜಿ, ತುಂಬಾ ಭಾರದ ಭಾಷೆ. ಅದು ಪೊಲೀಸ್ ವರದಿಯ ಹಂತದಲ್ಲಿ ನಿಂತಿತು. ಮೇಜಿನಿಂದ ಮೇಜಿಗೆ ಹೋಗಿ ಮಳೆಗಾಲ ಪೂರ್ತಿ ಕಳೆಯಿತು. ವರದಿ ಬರೆಯುವವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ನಿಜವಾಗಿ ಹೋಗ್ತೀರಿ ಅನ್ನೋದಕ್ಕೆ ದಾಖಲೆ ಏನಿದೆ?"

ಆ ಪ್ರಶ್ನೆಯೇ ದಾರಿ ತೋರಿಸಿತು. ಕೂಲಿ ಕೆಲಸಕ್ಕೆ ಮಾಲು ಕಳಿಸುವಾಗ ನಾವೆಲ್ಲ ಡೆಲಿವರಿ ಚಲನ್ ಬರೆಯುತ್ತೇವೆ. ಜಿಎಸ್‌ಟಿಯಲ್ಲಿ ಅದು ಕಡ್ಡಾಯ. ಹೋದ ತಾರೀಕು, ತೂಕ, ಅಂದಾಜು ಬೆಲೆ, ಯಾರಿಗೆ, ಯಾವ ಊರಿಗೆ ಎಲ್ಲ ಅದರಲ್ಲೇ ಇರುತ್ತದೆ. ಒಂದೂವರೆ ವರ್ಷದ ಚಲನ್‌ಗಳನ್ನು ತೆಗೆದು ತಾರೀಕಿನ ಪ್ರಕಾರ ಜೋಡಿಸಿದೆ. ದಾರಿಯಲ್ಲಿ ಟೋಲ್ ಇದ್ದ ಕಡೆ ಆ ದಿನದ ರಸೀದಿ ಅಥವಾ ಫಾಸ್ಟ್ಯಾಗ್ ಪಟ್ಟಿಯ ಸಾಲು ಹೊಂದಿಸಿದೆ. ಮಡಗಾಂವಿಗೆ ಹೋದದ್ದು ಒಂದು ಕಟ್ಟು, ಹುಪರಿಗೆ ಹೋದದ್ದು ಇನ್ನೊಂದು. ಮೇಲೆ ಒಂದೇ ಪುಟದ ಪತ್ರ. ಇಡೀ ಭಾರತ ಬೇಕು ಅಂತ ಕೇಳಲಿಲ್ಲ. ಎರಡೇ ರಾಜ್ಯ, ಎರಡಕ್ಕೂ ಪುರಾವೆ. ಆ ಪತ್ರದ ಕೊನೆಯ ಎರಡು ಸಾಲು ಹೇಗೆ ಬರೆದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಪರಿಚಯದವರು ಅಂಗಡಿಗೆ ಬಂದರೆ ತೋರಿಸುತ್ತೇನೆ.

ಫೈಲ್ ಬೆಂಗಳೂರಿಗೂ ಹೋಗಿ ಬಂತು. ಏಳೆಂಟು ತಿಂಗಳು ಹಿಡಿಯಿತು ಅಂತ ನೆನಪು. ಒಂದು ಮಾತು, ಯುಐಎನ್ (ಲೈಸೆನ್ಸಿಗೆ ಕೊಡುವ ವಿಶಿಷ್ಟ ಗುರುತಿನ ನಂಬರ್) ಸರಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ನನ್ನದರಲ್ಲಿ ಹೆಸರಿನ ಒಂದು ಅಕ್ಷರ ಆಧಾರ್‌ಗೆ ತಾಳೆ ಆಗುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಅದನ್ನು ಸರಿ ಮಾಡಿಸಲು ಒಂದು ತಿಂಗಳೇ ಹೋಯಿತು.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಸರ್ಕಾರಿ ಶುಲ್ಕ ದೊಡ್ಡದಲ್ಲ. ವಕೀಲರ ಎಂಟು ಸಾವಿರ ನೀರಿಗೆ ಹೋಯಿತು. ಓಡಾಟ, ಝೆರಾಕ್ಸ್, ನೋಟರಿ ಸೇರಿ ಐದಾರು ಸಾವಿರ. ರಿವಾಲ್ವರ್ ಕಾನ್ಪುರದ .32, ಆಗ ಲಕ್ಷದ ಆಸುಪಾಸು ಬಿದ್ದಿತ್ತು. ಗುಂಡು ಒಂದಕ್ಕೆ ನೂರರ ಮೇಲೆ. ಹೊಸ 'ಪ್ರಬಲ್' ರಿವಾಲ್ವರ್ 2023ರಲ್ಲಿ ಬಂದಾಗ ಅದಲು ಬದಲು ಮಾಡುವ ಆಸೆ ಆಗಿತ್ತು. ಅದರ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ನನ್ನದು ನಡುವೆ ಮುರಿದು ಬಾಗುವ ಹಳೇ ಮಾದರಿ. ಆದರೆ ಆಯುಧ ಬದಲಾದರೆ ಲೈಸೆನ್ಸಿನಲ್ಲೂ ನಂಬರ್ ಬದಲಾಗಬೇಕು, ಮತ್ತೆ ಅಲೆದಾಟ. ಹಳೆಯದೇ ಇರಲಿ ಅಂತ ಬಿಟ್ಟೆ.

ಈಗ ರಸ್ತೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಾರವಾರದಿಂದ ಬೆಳಗಾವಿಗೆ ಹತ್ತಿರದ ದಾರಿ ಅಣಶಿ ಘಾಟ್, ಜೋಯಿಡಾ. ಪೂರ್ತಿ ಕರ್ನಾಟಕದೊಳಗೇ ಇದೆ, ವ್ಯಾಪ್ತಿಯ ತೊಂದರೆ ಇಲ್ಲ ಅಂತ ಅನ್ನಿಸುತ್ತದೆ. ಆದರೆ ಆ ರಸ್ತೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹಾಯ್ದು ಹೋಗುತ್ತದೆ. 1972ರ ವನ್ಯಜೀವಿ ಕಾಯ್ದೆಯ 31ನೇ ಕಲಂ ಪ್ರಕಾರ ಅಭಯಾರಣ್ಯಕ್ಕೆ ಆಯುಧ ಒಯ್ಯಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಬೇಕು. ಲೈಸೆನ್ಸ್ ತೋರಿಸಿದರೆ ಅಲ್ಲಿ ಉಪಯೋಗ ಇಲ್ಲ. ಬೇಟೆಗೆ ಹೊರಟವನೋ ಬಂಗಾರದವನೋ ಅಂತ ಕಾಡಿನ ಗೇಟಿನಲ್ಲಿ ವಾದ ಮಾಡುತ್ತಾ ನಿಲ್ಲಲು ಆಗುತ್ತದೆಯೇ? ಗೋವಾದಿಂದ ಅನಮೋಡ ಘಾಟ್ ಹತ್ತಿದರೂ ಅದೇ ಕಥೆ, ಮೋಲೆಂ ಅಭಯಾರಣ್ಯ ನಡುವೆ ಬರುತ್ತದೆ.

ಹಾಗಾಗಿ ಕೊಲ್ಹಾಪುರಕ್ಕೆ ನಾನು ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ ಮೇಲೆಯೇ ಹೋಗುತ್ತೇನೆ. ದಾರಿ ಸಾಕಷ್ಟು ಜಾಸ್ತಿ. ಡೀಸೆಲ್ ಆರೇಳು ನೂರು ಹೆಚ್ಚು ಬೀಳುತ್ತದೆ. ನಿಪ್ಪಾಣಿ ಬಿಟ್ಟು ಕೊಗನೊಳ್ಳಿ ದಾಟಿದರೆ ಮಹಾರಾಷ್ಟ್ರ. ಅಣಶಿ ಮೇಲೆ ಹೋಗುವ ದಿನ ಆಯುಧ ಮನೆಯ ತಿಜೋರಿಯಲ್ಲಿ, ಮಾಲೂ ಮನೆಯಲ್ಲಿ. ಎರಡೂ ಇಲ್ಲದ ಪ್ರಯಾಣಕ್ಕೆ ಮಾತ್ರ ಆ ದಾರಿ.

ಮಾಜಾಳಿಯಲ್ಲಿ ತಪಾಸಣೆ ಮಾಡುವವರು ಹುಡುಕುವುದು ಗೋವಾದ ಬಾಟ್ಲಿಯನ್ನು. ಮೊದಲ ಸಲ ಹೊಸ ವ್ಯಾಪ್ತಿಯ ಲೈಸೆನ್ಸ್ ಹಿಡಿದು ಮಡಗಾಂವಿನಿಂದ ವಾಪಸ್ ಬರುವಾಗ ಸಂಜೆ. ಗಾಜು ಪೂರ್ತಿ ಇಳಿಸಿದೆ, ಒಳಗಿನ ದೀಪ ಹಾಕಿದೆ, ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟೆ. "ಶೇಟ್ರೇ, ಡಿಕ್ಕಿ ತೆಗೀರಿ" ಅಂದರು. ನಾನು ಮೊದಲು ಹೇಳಿದ್ದು, "ಸರ್, ಲೈಸೆನ್ಸ್ ಡ್ಯಾಶ್‌ಬೋರ್ಡ್ ಮೇಲಿದೆ, ನೋಡಿ. ಅದರಲ್ಲಿರೋ ರಿವಾಲ್ವರ್ ನನ್ನ ಸೊಂಟದಲ್ಲಿದೆ. ನೀವು ಹೇಳೋ ತನಕ ಕೈ ಹಾಕೋದಿಲ್ಲ." ಈ ಕ್ರಮ ಮುಖ್ಯ. ಕಾಗದದ ಮಾತು ಮೊದಲು ಬಂದರೆ ಎದುರಿನವರ ಮುಖ ಬೇರೆ ಥರ ಇರುತ್ತದೆ.

ಪೊಲೀಸರನ್ನು ಕರೆದರು. ಅವರು ಇಳಿಸಿ ಪಕ್ಕಕ್ಕೆ ಕರೆದುಕೊಂಡು ಹೋದರು. ಅವರು ಹೇಳಿದ ಮೇಲೆ ತೆಗೆದೆ. ಬಾಯಿ ನೆಲಕ್ಕೆ, ಬೆರಳು ಟ್ರಿಗರ್‌ನಿಂದ ದೂರ. ಹೆಬ್ಬೆರಳಿನಿಂದ ಲ್ಯಾಚ್ ಒತ್ತಿದೆ, ನಳಿಗೆ ಕೆಳಕ್ಕೆ ಬಾಗಿತು, ಆರೂ ಗುಂಡು ಒಟ್ಟಿಗೆ ಮೇಲೆದ್ದು ಬಂದವು. ಅಂಗೈಗೆ ಸುರಿದುಕೊಂಡು ಎಣಿಸಿ ಕೊಟ್ಟೆ. ಟಾರ್ಚ್ ಹಿಡಿದು ಫ್ರೇಮಿನ ಮೇಲಿನ ನಂಬರನ್ನು ಪುಸ್ತಕದ ನಂಬರಿಗೆ ಅಂಕಿ ಅಂಕಿಯಾಗಿ ಹೋಲಿಸಿದರು. ಗೋವಾ ಸೇರಿಸಿದ ಸಾಲು ಎರಡು ಸಲ ಓದಿದರು. "ಹೀಗೂ ಕೊಡ್ತಾರಾ?" ಅಂತ ಅವರಿಗೂ ಆಶ್ಚರ್ಯ. ಹತ್ತು ನಿಮಿಷದೊಳಗೆ ಬಿಟ್ಟರು. ಆಮೇಲೆ ಅಲ್ಲಿ ನನ್ನ ಗಾಡಿ ಗುರುತಾಗಿದೆ. ಗಡಿಯ ಆಚೆ ಒಂದು ಕಡೆ ಮಾತ್ರ ಒಂದು ತಾಸು ಕೂರಿಸಿದ್ದರು. ಕನ್ನಡದಲ್ಲಿ ಬರೆದ ಷರಾ ಓದಲು ಬರಲಿಲ್ಲ ಅಂತ. ಅದಾದ ಮೇಲೆ ಇಂಗ್ಲಿಷ್ ಪ್ರತಿಯನ್ನೂ ದೃಢೀಕರಿಸಿ ಇಟ್ಟುಕೊಂಡಿದ್ದೇನೆ. ಕೊಂಕಣಿ ಬಂದರೆ ಅರ್ಧ ಕೆಲಸ ಹಗುರ, ಅದು ನಮ್ಮವರಿಗೆ ಹೇಳಬೇಕಾಗಿಲ್ಲ.

ಹೋಲ್‌ಸ್ಟರ್ ಇಲ್ಲದೆ, ಹೊರಗೆ ಕಾಣುವ ಹಾಗೆ ಒಯ್ಯಬಾರದು ಅನ್ನುವುದು 2016ರ ಶಸ್ತ್ರಾಸ್ತ್ರ ನಿಯಮದಲ್ಲೇ ಇದೆ. ಊಟಕ್ಕೆ ಇಳಿದಾಗಲೂ ಗಾಡಿಯಲ್ಲಿ ಬಿಟ್ಟು ಹೋಗುವುದಿಲ್ಲ. ರಾತ್ರಿ ಉಳಿಯುವುದಾದರೆ ಎರಡು ಬೀಗದ ಉಕ್ಕಿನ ಪೆಟ್ಟಿಗೆ ಇದೆ, ಇಲ್ಲೇ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು, ನಾಲ್ಕು ಸಾವಿರದ ಹತ್ತಿರ ಆಯಿತು. ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಎಲ್ಲಿ ಅಂತ ಬರೆಯುವುದಿಲ್ಲ.

ನಮ್ಮ ಕರಾವಳಿಯಲ್ಲಿ ದೊಡ್ಡ ಶತ್ರು ತುಕ್ಕು. ಚರ್ಮದ ಹೋಲ್‌ಸ್ಟರ್ ಒಳಗೆ ಜೂನ್‌ನಿಂದ ಇಟ್ಟರೆ ಆಗಸ್ಟ್ ಹೊತ್ತಿಗೆ ನಳಿಗೆಯ ಮೇಲೆ ಕೆಂಪು ಚುಕ್ಕೆ ಏಳುತ್ತದೆ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ತೆಂಗಿನೆಣ್ಣೆ ಸವರಿ ನೋಡಿದೆ, ಅಂಟಾಗಿ ಧೂಳು ಕಟ್ಟಿತು. ಬೆಳ್ಳಿ ಕಪ್ಪಾಗದಂತೆ ನಾವು ಹಾಕುವ ಕಾಗದದ ಪಟ್ಟಿ ಇದೆಯಲ್ಲ, ಅದನ್ನೂ ಹಾಕಿ ನೋಡಿದೆ. ಅದು ಹಿಡಿಯುವುದು ಗಂಧಕವನ್ನು, ಉಕ್ಕಿನ ತುಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಕೊನೆಗೆ ಕ್ಯಾಮೆರಾದವರು ಬಳಸುವ ಗಾಳಿ ಆಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾದ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಎರಡು ಮಳೆಗಾಲ ಒಂದು ಚುಕ್ಕೆ ಇಲ್ಲ. ಡಬ್ಬಿ ತಿಜೋರಿಯ ಒಳಗೇ ಇರುತ್ತದೆ.

ರಾಜ್ಯ ಸೇರಿದ ಹಾಗೆ ಚುನಾವಣೆಗಳೂ ಸೇರುತ್ತವೆ. ಲೋಕಸಭೆಗೆ 2024ರ ಮೇ 7ರಂದು ನಮ್ಮ ಜಿಲ್ಲೆಗೂ ಗೋವಾಕ್ಕೂ ಒಂದೇ ದಿನ ಮತದಾನ ಇತ್ತು. ನೀತಿ ಸಂಹಿತೆಯ ಕಾರಣ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ತೆಗೆದುಕೊಂಡೆ, ಹೆಚ್ಚುಕಮ್ಮಿ ಮೂರು ತಿಂಗಳು ಆಯುಧ ಇಲ್ಲ. ಅದೇ ವರ್ಷ ನವೆಂಬರ್ 20ಕ್ಕೆ ಮಹಾರಾಷ್ಟ್ರ ವಿಧಾನಸಭೆ. ನಮ್ಮಲ್ಲಿ ನೀತಿ ಸಂಹಿತೆ ಇಲ್ಲ, ಆಯುಧ ಕೈಯಲ್ಲೇ ಇದೆ. ಆದರೂ ನಾನು ಕೊಗನೊಳ್ಳಿ ದಾಟಲಿಲ್ಲ. ಅಲ್ಲಿನ ಜಿಲ್ಲಾಧಿಕಾರಿಯ ಆದೇಶ ಹೊರಗಿನಿಂದ ಬರುವವರಿಗೂ ಅನ್ವಯ ಆಗುತ್ತದೆ. ಅಂಥ ಸಮಯದಲ್ಲಿ ಹುಪರಿಯವರೇ ಮಾಲು ತಂದುಕೊಡಲಿ ಅಂತ ಮೊದಲೇ ಮಾತಾಡಿಕೊಳ್ಳುತ್ತೇನೆ. ತೋಟದವರ ಬಂದೂಕನ್ನು ಚುನಾವಣೆಯಲ್ಲಿ ತೆಗೆದುಕೊಂಡರೆ ಮಂಗ, ಹಂದಿಯ ಕಾಟ ತಡೆಯುವವರಿಲ್ಲ ಅಂತ ಘಟ್ಟದ ಮೇಲಿನವರು ಕೂಗುವುದು ಸರಿಯೇ. ನಮ್ಮ ಕೂಗು ಕೇಳುವವರು ಕಡಿಮೆ.

ಶಿರಸಿ ಮಾರಿಕಾಂಬಾ ಜಾತ್ರೆಗೆ ಆಭರಣ ಒಯ್ಯುವಾಗ ಆಯುಧ ಒಯ್ಯುವುದಿಲ್ಲ. ಜಾತ್ರೆ, ಮೆರವಣಿಗೆ, ಶಾಲಾ ಆವರಣಕ್ಕೆ ತರಬಾರದು ಅಂತ ಲೈಸೆನ್ಸಿನ ಷರತ್ತಿನಲ್ಲೇ ಇದೆ. ಅಲ್ಲಿಗೆ ಇಬ್ಬರು ಜಾಸ್ತಿ ಹುಡುಗರು, ಹಗಲಿನ ಪ್ರಯಾಣ.

ರೈಲಿನಲ್ಲಿ ಒಂದೆರಡು ಸಲ ಮುಂಬೈಗೆ ಒಯ್ದೆ. ಕಾಗದ ಎಲ್ಲ ಸರಿ ಇತ್ತು, ಯಾರೂ ತಡೆಯಲಿಲ್ಲ. ಆದರೆ ರಾತ್ರಿ ಕಣ್ಣು ಮುಚ್ಚಲು ಆಗುವುದಿಲ್ಲ. ಬಿಟ್ಟೆ. ವಿಮಾನದಲ್ಲಿ ಒಯ್ಯಬಹುದು. ನಮಗೆ ಹತ್ತಿರದ್ದು ದಾಬೋಳಿಂ, ಅದು ಗೋವಾ. ವ್ಯಾಪ್ತಿಯಲ್ಲಿ ಗೋವಾ ಇಲ್ಲದವರು ಹುಬ್ಬಳ್ಳಿಗೇ ಹೋಗಬೇಕು. ಕ್ಯಾಬಿನ್‌ಗೆ ಬಿಡುವುದಿಲ್ಲ, ಖಾಲಿ ಮಾಡಿ ಲಗೇಜಿನಲ್ಲಿ, ಗುಂಡು ಬೇರೆ ಪೊಟ್ಟಣದಲ್ಲಿ, ಕೌಂಟರ್‌ನಲ್ಲಿ ಮೊದಲೇ ಹೇಳಬೇಕು. ಕಂಪನಿಯವರ ಶುಲ್ಕ ಐದು ಸಾವಿರದ ಹತ್ತಿರ ಬಿತ್ತು, ಹೋಗುವಾಗೊಮ್ಮೆ ಬರುವಾಗೊಮ್ಮೆ. ಮೂರು ತಾಸು ಮೊದಲು ಹೋದರೂ ಕೊನೆ ಗಳಿಗೆಯಲ್ಲಿ ಹತ್ತಿದೆ. ಇಳಿದ ಮೇಲೆ ಬ್ಯಾಗಿಗೆ ಮತ್ತೆ ಮುಕ್ಕಾಲು ತಾಸು. ಎರಡು ದಿನದ ಕೆಲಸಕ್ಕೆ ಇದು ಗಿಟ್ಟುವುದಿಲ್ಲ.

ಮುಂದೆ ನವೀಕರಣ ಬರುತ್ತದೆ, ಈಗ ಐದು ವರ್ಷಕ್ಕೊಮ್ಮೆ. ಅದಕ್ಕಾಗಿ ಚಲನ್, ಫಾಸ್ಟ್ಯಾಗ್ ಪಟ್ಟಿ, ಠೇವಣಿ ರಸೀದಿ ಎಲ್ಲವನ್ನೂ ತಿಂಗಳ ಕೊನೆಗೆ ಅದೇ ಎರಡು ಕಟ್ಟಿಗೆ ಸೇರಿಸುತ್ತಾ ಬಂದಿದ್ದೇನೆ. ಕೇರಳವನ್ನೂ ಸೇರಿಸಿ ಕೇಳುವ ಯೋಚನೆ ಇದೆ. ತ್ರಿಶೂರಿನವರ ಜೊತೆ ಕೆಲಸ ಶುರುವಾಗಿ ಚಲನ್ ಒಂದಿಷ್ಟು ಕೂಡಿದ ಮೇಲೆ ಅರ್ಜಿ ಹಾಕುತ್ತೇನೆ.