ಕೋಲ್ಡ್ ಫ್ರೇಮ್: ಬಾಸ್ಟನ್ ಕಡೆಯ ಹಿತ್ತಲಿನಲ್ಲಿ ಫ್ರಾಸ್ಟ್ ಬಿದ್ದ ಮೇಲೂ ಸೊಪ್ಪು

ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಹಿತ್ತಲುಗಳಲ್ಲಿ ಬೇಸಿಗೆಯ ಮೂರು ನಾಲ್ಕು ತಿಂಗಳು ಮೆಂತ್ಯ, ದಂಟು, ಬದನೆಗಳಿಗೆ ಕೊರತೆಯಿರುವುದಿಲ್ಲ. ಅಕ್ಟೋಬರ್‌ನಲ್ಲಿ ಮೊದಲ ಫ್ರಾಸ್ಟ್, ಅಂದರೆ ಇಬ್ಬನಿಯೂ ಹೆಪ್ಪುಗಟ್ಟುವ ಚಳಿ, ಬಿದ್ದ ಮರುದಿನ ದಂಟೂ ಬದನೆಯೂ ಕಪ್ಪಾಗಿ ಜೋತುಬಿದ್ದಿರುವುದನ್ನು ಕಂಡು, ಇನ್ನು ಮೇ ತಿಂಗಳವರೆಗೆ ಅಂಗಡಿಯ ಸೊಪ್ಪೇ ಗತಿ ಎಂದು ಹೆಚ್ಚಿನವರು ಮಡಿಗಳನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ನಾಲ್ಕು ಹಲಗೆಗಳ ಮೇಲೆ ಬೆಳಕು ಹಾಯುವ ಮುಚ್ಚಳವೊಂದನ್ನು ಕೂರಿಸಿ ಮಾಡಿದ, ತಳವಿಲ್ಲದ ಪೆಟ್ಟಿಗೆಯಾದ ಕೋಲ್ಡ್ ಫ್ರೇಮ್ ಇದ್ದರೆ ಸೊಪ್ಪಿನ ಕಾಲವನ್ನು ಹಿಂದಕ್ಕೂ ಮುಂದಕ್ಕೂ ತಿಂಗಳು, ಒಂದೂವರೆ ತಿಂಗಳಷ್ಟು ಹಿಗ್ಗಿಸಬಹುದು.

ಇದಕ್ಕೆ ವಿದ್ಯುತ್ತೂ ಬೇಡ, ಹೀಟರೂ ಬೇಡ. ಹಗಲಿನ ಬಿಸಿಲು ಮುಚ್ಚಳದ ಮೂಲಕ ಒಳಬಂದು ಮಣ್ಣನ್ನು ಕಾಯಿಸುತ್ತದೆ. ಕಾದ ಗಾಳಿ ಹೊರಗೆ ಹೋಗದಂತೆ ಪೆಟ್ಟಿಗೆ ತಡೆಯುತ್ತದೆ. ರಾತ್ರಿ ಮಣ್ಣು ಆ ಬಿಸಿಯನ್ನು ಮೆಲ್ಲನೆ ಬಿಟ್ಟುಕೊಡುತ್ತದೆ. ಹೀಗಿದ್ದರೂ ರಾತ್ರಿಯ ಹೊತ್ತು ಒಳಗಿನ ತಾಪಮಾನ ಹೊರಗಿಗಿಂತ ಕೆಲವೇ ಡಿಗ್ರಿ ಹೆಚ್ಚಿರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಕರಿಬೇವನ್ನೂ ದುಂಡುಮಲ್ಲಿಗೆಯನ್ನೂ ಇದರೊಳಗಿಟ್ಟು ಚಳಿಗಾಲ ದಾಟಿಸಲು ಸಾಧ್ಯವಿಲ್ಲ. ಆ ಕುಂಡಗಳ ಜಾಗ ಮನೆಯೊಳಗಿನ ಕಿಟಕಿಯ ಬಳಿಯೇ.

ಪೆಟ್ಟಿಗೆಗೆ ದಕ್ಷಿಣಕ್ಕೆ ತೆರೆದಿರುವ, ಚಳಿಗಾಲದ ತಗ್ಗಿನ ಬಿಸಿಲಿಗೆ ಮರಗಳೂ ಬೇಲಿಯೂ ಅಡ್ಡಬರದ ಜಾಗವನ್ನು ಆರಿಸಬೇಕು. ಬೆನ್ನಿಗೆ ಮನೆಯ ಗೋಡೆಯಿದ್ದರೆ ಉತ್ತರದ ಗಾಳಿ ತಪ್ಪುತ್ತದೆ. ಆದರೆ ಸೂರಿನಿಂದ ಹಿಮ ಜಾರಿ ಮುಚ್ಚಳದ ಮೇಲೆ ಬೀಳುವಂತಿರಬಾರದು. ಹಿಂದಿನ ಹಲಗೆ ಸುಮಾರು 18 ಅಂಗುಲ, ಮುಂದಿನದು 12 ಅಂಗುಲ ಎತ್ತರವಿದ್ದರೆ ಮುಚ್ಚಳ ದಕ್ಷಿಣಕ್ಕೆ ಇಳಿಜಾರಾಗಿ ಕೂರುತ್ತದೆ, ಬಿಸಿಲೂ ಚೆನ್ನಾಗಿ ಬೀಳುತ್ತದೆ, ನೀರೂ ಹರಿದುಹೋಗುತ್ತದೆ. ಮುಂದಿನಿಂದ ಹಿಂದಕ್ಕೆ ಅಗಲ ಮೂರು ಅಡಿ ಮೀರಿದರೆ ಕೈ ಚಾಚಿ ಸೊಪ್ಪು ಕೊಯ್ಯುವುದು ಕಷ್ಟ. ಉದ್ದ ನಿಮ್ಮ ಮುಚ್ಚಳ ಎಷ್ಟಿದೆಯೋ ಅಷ್ಟು.

ಬಹಳ ಮಂದಿ ಮುಚ್ಚಳಕ್ಕೆ ಹಳೆಯ ಮನೆಗಳಿಂದ ಕಿತ್ತ ಕಿಟಕಿಗಳನ್ನು ಬಳಸುತ್ತಾರೆ. ಇಲ್ಲಿ ಒಂದು ಎಚ್ಚರ ಅಗತ್ಯ: ಅಮೆರಿಕದಲ್ಲಿ ಮನೆಗಳಿಗೆ ಸೀಸ ಬೆರೆತ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಿಂದಿನ ಕಿಟಕಿಯ ಬಣ್ಣ ಹಕ್ಕಳೆದ್ದು, ನೀವು ತಿನ್ನುವ ಸೊಪ್ಪಿನ ಮಣ್ಣಿಗೆ ಉದುರುತ್ತದೆ. ಆದ್ದರಿಂದ ಹಳೆಯ ಕಿಟಕಿಗಿಂತ 6 ಮಿಲಿಮೀಟರ್ ದಪ್ಪದ ಎರಡು ಪದರಗಳ ಪಾಲಿಕಾರ್ಬೊನೇಟ್ (ಬೆಳಕು ಹಾಯುವ ಗಟ್ಟಿ ಪ್ಲಾಸ್ಟಿಕ್) ಹಾಳೆಯೇ ಮೇಲೆಂದು ನನ್ನ ಅಭಿಪ್ರಾಯ. ಅದು ಹಗುರ, ಒಡೆಯುವುದಿಲ್ಲ, ಪದರಗಳ ನಡುವಿನ ಗಾಳಿಯಿಂದ ಬಿಸಿಯನ್ನೂ ಗಾಜಿಗಿಂತ ಚೆನ್ನಾಗಿ ಹಿಡಿದಿಡುತ್ತದೆ. ಹಗುರವಾದ ಕಾರಣ ಗಾಳಿಗೆ ಹಾರಬಹುದಾದ್ದರಿಂದ ಹಿಂದೆ ಕೀಲುಗಳನ್ನೂ ಮುಂದೆ ಚಿಲಕವನ್ನೂ ಹಾಕಲೇಬೇಕು. ಹಲಗೆಗಳಿಗೆ ಸೀಡರ್ ಮರ ಒಳ್ಳೆಯದು, ಬೇಗ ಕೊಳೆಯುವುದಿಲ್ಲ.

ಇನ್ನು ಬಿತ್ತನೆಯ ವಿಚಾರ. ಹೊಸಬರು ಎಡವುವುದು ಇಲ್ಲಿಯೇ. ಕೋಲ್ಡ್ ಫ್ರೇಮ್ ಚಳಿಗಾಲದ ನಡುವೆ ಸೊಪ್ಪನ್ನು ಬೆಳೆಸುವ ಜಾಗವಲ್ಲ, ಆಗಲೇ ಬೆಳೆದ ಸೊಪ್ಪನ್ನು ಕೆಡದಂತೆ ಕಾಯುವ ಜಾಗ. ಹಗಲು ಹತ್ತು ಗಂಟೆಗಿಂತ ಕಿರಿದಾದಾಗ ಗಿಡಗಳ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. 42 ಡಿಗ್ರಿ ಅಕ್ಷಾಂಶದಲ್ಲಿರುವ ಬಾಸ್ಟನ್‌ನಲ್ಲಿ ಈ ಅವಧಿ ನವೆಂಬರ್ 10ರ ಸುಮಾರಿಗೆ ಆರಂಭವಾಗಿ ಫೆಬ್ರವರಿಯ ಮೊದಲ ದಿನಗಳವರೆಗೆ ಇರುತ್ತದೆ. ಆ ಹೊತ್ತಿಗೆ ಗಿಡ ಮುಕ್ಕಾಲು ಪಾಲಾದರೂ ಬೆಳೆದು ನಿಂತಿರಬೇಕಾದರೆ ಕೊತ್ತಂಬರಿಯನ್ನು ಆಗಸ್ಟ್ ಕೊನೆಗೂ, ಮೆಂತ್ಯವನ್ನು ಸೆಪ್ಟೆಂಬರ್ ಮೊದಲ ಪಕ್ಷಕ್ಕೂ ಬಿತ್ತಿರಬೇಕು. ಬಿತ್ತಿದಾಗ ಮುಚ್ಚಳದ ಅಗತ್ಯವಿಲ್ಲ. ರಾತ್ರಿಗಳು ಫ್ರಾಸ್ಟಿನ ಸಮೀಪಕ್ಕೆ ಬಂದಾಗ ಹಾಕಿದರೆ ಸಾಕು.

ಮೆಂತ್ಯ ಲಘುವಾದ ಫ್ರಾಸ್ಟನ್ನು ತಾಳಿಕೊಳ್ಳುತ್ತದೆ, ಕಡುಚಳಿಯನ್ನಲ್ಲ. ಅದನ್ನು ಮೊದಲು ಕೊಯ್ದು ಮುಗಿಸಿ. ಕೊತ್ತಂಬರಿ ಅದಕ್ಕಿಂತ ಗಟ್ಟಿ, ಬೇಸಿಗೆಯಲ್ಲಾಗುವಂತೆ ಬೇಗನೆ ಹೂವಿಗೆ ಹೋಗುವ ಕಾಟವೂ ಆಗ ಇರುವುದಿಲ್ಲ. ಊರಿನಿಂದ ತಂದ ಪಾಲಕ್ ಬೀಜವನ್ನೂ ಇಲ್ಲಿಯ ಸ್ಪಿನಾಚ್ ಬೀಜವನ್ನೂ ಒಂದೇ ಎಂದು ತಿಳಿಯಬೇಡಿ. ನಮ್ಮ ಪಾಲಕ್ ಬೀಟ್‌ರೂಟಿನ ನೆಂಟ. ಚಳಿಯನ್ನು ತಡೆಯುವುದರಲ್ಲಿ ಸ್ಪಿನಾಚ್ ಅದಕ್ಕಿಂತ ಬಹಳ ಮುಂದು. ಸೆಪ್ಟೆಂಬರ್‌ನಲ್ಲಿ ಬಿತ್ತಿದ ಸ್ಪಿನಾಚ್ ಜನವರಿಯಲ್ಲಿ ಸುಮ್ಮನೆ ಕುಳಿತಿದ್ದು, ಫೆಬ್ರವರಿಯ ಬಿಸಿಲಿಗೆ ಮತ್ತೆ ಚಿಗುರುತ್ತದೆ. ಹೊರಗೆ ಇನ್ನೂ ಹಿಮವಿರುವಾಗ ಕೊಯ್ದ ಆ ಎಲೆಗಳ ಸಿಹಿ ಬೇಸಿಗೆಯ ಎಲೆಗಳಿಗಿಲ್ಲ. ಬೆಳಿಗ್ಗೆ ಎಲೆಗಳು ಹೆಪ್ಪುಗಟ್ಟಿ ಸತ್ತಂತೆ ಕಂಡರೂ ಮುಟ್ಟಬೇಡಿ. ಮಧ್ಯಾಹ್ನದ ಹೊತ್ತಿಗೆ ಅವು ತಾವಾಗಿಯೇ ಚೇತರಿಸಿಕೊಳ್ಳುತ್ತವೆ, ಕೊಯ್ಲು ಆಗಲೇ ಮಾಡಬೇಕು.

ಚಳಿಗಿಂತಲೂ ಹೆಚ್ಚು ಗಿಡಗಳನ್ನು ಕೊಲ್ಲುವುದು ಮುಚ್ಚಿದ ಪೆಟ್ಟಿಗೆಯ ಸೆಕೆ. ನನ್ನ ಮೊದಲ ವರ್ಷ, ಮಾರ್ಚ್‌ನ ಒಂದು ಬಿಸಿಲಿನ ದಿನ, ಹೊರಗೆ ಚಳಿಯಿದೆಯಲ್ಲ ಎಂದು ಮುಚ್ಚಳ ತೆರೆಯದೆ ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದಾಗ ಎರಡು ತಿಂಗಳು ಸಾಕಿದ ಟೊಮೆಟೊ ಸಸಿಗಳೆಲ್ಲ ಬೆಂದುಹೋಗಿದ್ದವು. ಅಂದಿನಿಂದ ಒಂದು ಕ್ರಮವನ್ನು ತಪ್ಪದೆ ಪಾಲಿಸುತ್ತಿದ್ದೇನೆ: ಬಿಸಿಲಿನ ದಿನ ಹೊರಗೆ 4 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 40 ಫ್ಯಾರನ್‌ಹೀಟ್ ದಾಟಿದರೆ ಮುಚ್ಚಳದ ಕೆಳಗೆ ಕೋಲು ಕೊಟ್ಟು ಕೆಲವು ಅಂಗುಲ ಎತ್ತುವುದು, 10 ಡಿಗ್ರಿ ದಾಟಿದರೆ ಪೂರ್ತಿ ತೆರೆಯುವುದು, ಬಿಸಿ ಒಳಗೇ ಉಳಿಯುವಂತೆ ಸೂರ್ಯ ಇಳಿಯುವ ಮೊದಲೇ ಮುಚ್ಚುವುದು. ಹಗಲೆಲ್ಲ ಮನೆಯಲ್ಲಿ ಇರಲಾಗದವರು ಮೇಣ ತುಂಬಿದ ಕೊಳವೆಯ ಸ್ವಯಂಚಾಲಿತ ಓಪನರ್ ಕೊಳ್ಳುವುದು ಒಳಿತು. ಬಿಸಿಗೆ ಮೇಣ ಹಿಗ್ಗಿ ಮುಚ್ಚಳವನ್ನು ಎತ್ತುತ್ತದೆ, ತಣಿದಾಗ ಕುಗ್ಗಿ ಇಳಿಸುತ್ತದೆ. ಇದನ್ನು ಕೂರಿಸಿದ ಮೇಲೆ ಚಿಲಕವನ್ನು ಹಗಲು ತೆಗೆದಿರಬೇಕು. ದಿನದ ಗರಿಷ್ಠ ಕನಿಷ್ಠಗಳನ್ನು ದಾಖಲಿಸುವ ಥರ್ಮಾಮೀಟರ್ ಒಂದನ್ನು ನೆರಳಿನಲ್ಲಿ, ಎಲೆಗಳ ಮಟ್ಟದಲ್ಲಿ ಒಳಗಿಡಿ.

ನೀರು ಚಳಿಗಾಲದಲ್ಲಿ ಬಹಳ ಕಡಿಮೆ ಸಾಕು. ಹಾಕುವುದಾದರೆ ಬೆಳಿಗ್ಗೆ, ಮಣ್ಣಿಗೆ ಮಾತ್ರ. ಒದ್ದೆ ಎಲೆಗಳ ಮೇಲೆ ಮುಚ್ಚಳ ಹಾಕಿಟ್ಟರೆ ಬೂಷ್ಟು ಬರುತ್ತದೆ. ಕಡುಚಳಿಯ ರಾತ್ರಿ ಮುಚ್ಚಳದ ಮೇಲೆ ಹಳೆಯ ಕಂಬಳಿ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಪುಡಿಹಿಮ ತುಸು ಹೊತ್ತು ಹೊದಿಕೆಯಂತೆ ಕೆಲಸ ಮಾಡುತ್ತದೆ, ಆದರೆ ಒದ್ದೆ ಹಿಮದ ಭಾರಕ್ಕೆ ಮುಚ್ಚಳ ಕುಸಿಯಬಹುದಾದ್ದರಿಂದ ಮೆತ್ತನೆಯ ಪೊರಕೆಯಿಂದ ಕೂಡಲೇ ಗುಡಿಸಬೇಕು.

ಏಪ್ರಿಲ್ ಬಂದಂತೆ ಪೆಟ್ಟಿಗೆಯ ಕೆಲಸ ಬದಲಾಗುತ್ತದೆ. ಮನೆಯೊಳಗೆ ದೀಪದ ಕೆಳಗೆ ಬೆಳೆಸಿದ ಸಸಿಗಳನ್ನು ನೇರವಾಗಿ ಮಡಿಗೆ ನೆಟ್ಟರೆ ಬಿಸಿಲಿಗೂ ಗಾಳಿಗೂ ಬಾಡುತ್ತವೆ. ಅವನ್ನು ಕುಂಡ ಸಮೇತ ಕೋಲ್ಡ್ ಫ್ರೇಮಿನಲ್ಲಿಟ್ಟು, ಏಳರಿಂದ ಹತ್ತು ದಿನ ಮುಚ್ಚಳವನ್ನು ದಿನೇ ದಿನೇ ಹೆಚ್ಚು ಹೊತ್ತು ತೆರೆದಿಟ್ಟರೆ ಕಾಂಡ ಗಟ್ಟಿಯಾಗುತ್ತದೆ. ಬದನೆ ಮತ್ತು ಮೆಣಸಿನಕಾಯಿ ಸಸಿಗಳನ್ನು ಮಾತ್ರ, ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ಸೂಚನೆಯಿದ್ದರೆ, ಒಳಗೆ ತಂದಿಡಬೇಕು. ಜೂನ್‌ನಲ್ಲಿ ಮುಚ್ಚಳವನ್ನು ಕಳಚಿ ತೊಳೆದು ಎತ್ತಿಡಿ. ಖಾಲಿಯಾದ ಮಣ್ಣಿಗೆ ಒಂದು ಬುಟ್ಟಿ ಕಾಂಪೋಸ್ಟ್ ಬೆರೆಸಿ ದಂಟಿನ ಬೀಜ ಚೆಲ್ಲಿದರೆ, ಕೊತ್ತಂಬರಿ ಬಿತ್ತುವ ಆಗಸ್ಟ್ ಕೊನೆಯ ವೇಳೆಗೆ ಅದನ್ನು ಕಿತ್ತು ಮುಗಿಸಬಹುದು.